ಸುಂಕದ ದಾರಿಯ ಕೋಟೆಗಳು

ರೊಮೇನಿಯಾದ ರಾಜಧಾನಿ ಬುಖಾರೆಸ್ಟಿನಿಂದ ಹೊರಟು ಟ್ರಾನ್ಸಿಲ್ವೇನಿಯಾದ ಕೋಟೆಗಳನ್ನು ಒಂದೇ ದಿನದಲ್ಲಿ ನೋಡಿ ಬರಲು ದೊಡ್ಡ ಬಸ್ಸುಗಳಿವೆ. ಆದರೂ ನಾನು, ಅಕ್ಕ ನಮಗೇ ಅಂತ ಒಂದು ಕಾರು ಗೊತ್ತುಮಾಡಿಕೊಂಡೆವು. ಬೇಕೆನಿಸಿದ ಕಡೆ ನಿಲ್ಲುವ, ಬೇಡವೆನಿಸಿದ ಕಡೆ ಮುಂದೆ ಸಾಗುವ ಸ್ವಾತಂತ್ರ್ಯಕ್ಕೆ ಕೊಟ್ಟ ದುಡ್ಡು ಅದು. ಇಂಥ ಊರುಗಳಲ್ಲಿ ನಿಂತಷ್ಟೂ ಲಾಭ.

ಪ್ರಹೋವಾ ಕಣಿವೆ ಹತ್ತುತ್ತ ಹೋದರೆ ಎಡಕ್ಕೆ ಬುಚೆಜಿ ಬೆಟ್ಟಗಳು ಗೋಡೆಯಂತೆ ಏಳುತ್ತವೆ. ಸಿನಾಯಾದಲ್ಲಿ ಪೆಲೆಶ್ ಅರಮನೆ. ಮೊದಲನೆಯ ಕ್ಯಾರಲ್ ದೊರೆ ಕಟ್ಟಿಸಿದ್ದು, 1883ರಲ್ಲಿ ಗೃಹಪ್ರವೇಶವಾಯಿತು. ಕೆತ್ತಿದ ಮರ, ಬಣ್ಣದ ಗಾಜು, ಆಯುಧಗಳ ಸಾಲು, ಎಲ್ಲ ಕಣ್ಣಿಗೆ ಹಬ್ಬವೇ. ಆದರೆ ರಾಜ ಅರಮನೆ ಕಟ್ಟಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ? ನನ್ನ ಮನಸ್ಸನ್ನು ಹಿಡಿದದ್ದು ಪ್ರೆದ್ಯಾಲ್ ಘಟ್ಟ ದಾಟಿದ ಮೇಲಿನ ಸೀಮೆ. ಅಲ್ಲಿ ಕೋಟೆ ಕಟ್ಟಿದವರು ರೈತರು, ನೇಕಾರರು, ಚಮ್ಮಾರರು, ವ್ಯಾಪಾರಿಗಳು. ಗಡಿ ಕಾಯಲು ಜನ ಬೇಕೆಂದು ಹಂಗೇರಿಯ ದೊರೆಗಳು 12ನೆಯ ಶತಮಾನದಲ್ಲಿ ಕರೆತಂದು ನೆಲೆಗೊಳಿಸಿದ ಜರ್ಮನ್ ಮಾತಿನ ಸ್ಯಾಕ್ಸನರು ಇವರು.

ಮೊದಲು ರಿಶ್ನೋವ್. ಗುಡ್ಡದ ನೆತ್ತಿಯ ಮೇಲಿರುವ ಈ ಕೋಟೆ ಕೆಳಗಿನ ಹಳ್ಳಿಗಳ ರೈತರ ಆಸರೆ. ದಂಡು ಬಂತೆಂಬ ಸುದ್ದಿ ಬಂದರೆ ಮಕ್ಕಳು ಮರಿ, ದನ ಕರು, ಕಾಳು ಕಡಿ ಎಲ್ಲವನ್ನೂ ಕಟ್ಟಿಕೊಂಡು ಗುಡ್ಡ ಹತ್ತಿಬಿಡುತ್ತಿದ್ದರು. ಅದಕ್ಕೇ ಒಳಗೆ ದರ್ಬಾರು ಹಾಲ್ ಇಲ್ಲ. ಇಕ್ಕಟ್ಟಾದ ಪುಟ್ಟ ಮನೆಗಳು, ಒಂದು ಶಾಲೆ, ಒಂದು ಚಿಕ್ಕ ಚರ್ಚು. ಇಷ್ಟೆಲ್ಲ ಇದ್ದೂ 1612ರಲ್ಲಿ ಟ್ರಾನ್ಸಿಲ್ವೇನಿಯಾದ ದೊರೆ ಗಾಬ್ರಿಯೆಲ್ ಬಾತೊರಿಯ ಸೈನ್ಯಕ್ಕೆ ಕೋಟೆ ಸೋತಿತು. ಗೋಡೆ ಗಟ್ಟಿಯಾಗಿಯೇ ಇತ್ತು, ನೀರಿನ ದಾರಿ ಕೈತಪ್ಪಿತ್ತು. ಆ ಪೆಟ್ಟು ತಿಂದ ಜನ 1623ರಲ್ಲಿ ಕೋಟೆಯ ನಡುವೆಯೇ ಬಂಡೆ ಕೊರೆಯಲು ಶುರುಮಾಡಿ 1640ರ ಹೊತ್ತಿಗೆ ಬಾವಿ ಮುಗಿಸಿದರು. ಬಿಡುಗಡೆಯ ಆಸೆಗೆ ಇಬ್ಬರು ತುರ್ಕಿ ಸೆರೆಯಾಳುಗಳು ಅದನ್ನು ತೋಡಿದರೆಂಬ ಕಥೆಯನ್ನು ಊರವರು ಈಗಲೂ ಹೇಳುತ್ತಾರೆ. ಬಾವಿಕಟ್ಟೆಯ ಅಂಚಿನಲ್ಲಿ ಬಗ್ಗಿ ನೋಡಿದೆ. ಮೇಲಿನ ಒಂದೆರಡು ಆಳು ಮಟ್ಟದ ಕಲ್ಲಷ್ಟೇ ಬೆಳಕಿಗೆ ಕಾಣುತ್ತದೆ, ಆಮೇಲೆ ಬರೀ ಕಪ್ಪು. ಅಕ್ಕ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. "ನೀರಿಗೋಸ್ಕರ ಹದಿನೇಳು ವರ್ಷ ಕಲ್ಲು ಕಡಿದಿದ್ದಾರಲ್ಲೋ" ಅಂದಳು. ನೀರಿನ ಬವಣೆ ಬಲ್ಲ ಬಯಲುಸೀಮೆಯ ಹೆಣ್ಣುಮಗಳು. ಆ ಕೋಟೆಯಲ್ಲಿ ನೋಡಬೇಕಾದ್ದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಡ್ರಾಕುಲನ ಕೋಟೆಯೆಂದು ಹೆಸರಾದ ಬ್ರಾನ್ ಅಲ್ಲಿಂದ ಹತ್ತಿರವೇ. ಬೆಟ್ಟದ ಬುಡದ ಅಂಗಡಿಗಳ ತುಂಬ ಡ್ರಾಕುಲನ ಕೋರೆಹಲ್ಲು. ಬ್ರಾಮ್ ಸ್ಟೋಕರ್ 1897ರಲ್ಲಿ ಡ್ರಾಕುಲನ ಕಾದಂಬರಿ ಪ್ರಕಟಿಸಿದವನು, ರೊಮೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಅವನ ಕಥೆಯ ನೆರಳಿನಲ್ಲಿ ಬ್ರಾನಿನ ನಿಜವಾದ ಕಥೆ ಮರೆಯಾಗಿರುವುದು ನನಗೆ ನೋವಿನ ಸಂಗತಿ. 1377ರಲ್ಲಿ ಹಂಗೇರಿಯ ದೊರೆ ಲೂಯಿ ಬ್ರಾಶೋವ್ ಪಟ್ಟಣದವರಿಗೆ ಸನ್ನದು ಕೊಟ್ಟ: ನಿಮ್ಮದೇ ಖರ್ಚಿನಲ್ಲಿ, ನಿಮ್ಮದೇ ದುಡಿಮೆಯಲ್ಲಿ ಇಲ್ಲೊಂದು ಕೋಟೆ ಕಟ್ಟಿಕೊಳ್ಳಿ. ಕಟ್ಟಿದರು. ದಕ್ಷಿಣದ ವಲಾಖಿಯಾ ಸೀಮೆಯಿಂದ ಬರುವ ಕಣಿವೆ ಇಲ್ಲಿ ಕಿರಿದಾಗುತ್ತದೆ. ಕಿಟಕಿಯಲ್ಲಿ ನಿಂತರೆ ಕೆಳಗಿನ ರಸ್ತೆ ಪೂರಾ ಕಣ್ಣಳತೆಯಲ್ಲಿದೆ. ಹೊತ್ತ ಕುದುರೆ, ತುಂಬಿದ ಗಾಡಿ, ಯಾವುದೂ ತಪ್ಪಿಸಿಕೊಳ್ಳುವಂತಿಲ್ಲ. ಬ್ರಾನ್ ಕೋಟೆ ಶತಮಾನಗಳ ಕಾಲ ಗಡಿ ಕಾಯುವುದರ ಜೊತೆಗೆ ಸುಂಕದ ಕಟ್ಟೆಯೂ ಆಗಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ವರ್ತಕರು ಆ ಕಣಿವೆಯಲ್ಲೂ ಎಷ್ಟು ಜನರೋ! 1920ರಲ್ಲಿ ಪಟ್ಟಣದವರು ಇದನ್ನು ರೊಮೇನಿಯಾದ ರಾಣಿ ಮರಿಯಾಳಿಗೆ ಉಡುಗೊರೆ ಕೊಟ್ಟರು. ಸುಣ್ಣ ಬಳಿದ ಬಿಳಿ ಗೋಡೆ, ಒಲೆ, ಮರದ ಪೀಠೋಪಕರಣಗಳಿಂದ ಅವಳು ಇದನ್ನು ಮನೆ ಮಾಡಿಕೊಂಡಳು.

ಆ ಕಣಿವೆ ದಾಟಿ ಬಂದ ಸರಕು ಎಂಥದ್ದೆಂದು ತಿಳಿಯಬೇಕಾದರೆ ಬ್ರಾಶೋವಿನ ಕಪ್ಪು ಚರ್ಚಿಗೆ ಹೋಗಬೇಕು. 1689ರ ಬೆಂಕಿಯ ಮಸಿಯಿಂದ ಅದಕ್ಕೆ ಆ ಹೆಸರು ಬಂತೆನ್ನುತ್ತಾರೆ. ಒಳಗೆ ಬೆಂಚುಗಳ ಮೇಲೆ, ಮಾಳಿಗೆಯ ಕಟಾಂಜನಗಳ ಮೇಲೆ ಹಳೆಯ ತುರ್ಕಿ ಜಮಖಾನಗಳು ತೂಗುತ್ತವೆ. ನೂರಕ್ಕೂ ಮೇಲಿವೆ. ಮತಸುಧಾರಣೆಯ ನಂತರ ಇಲ್ಲಿನ ಸ್ಯಾಕ್ಸನರು ಲೂಥರನ ಮಾರ್ಗಕ್ಕೆ ಬಂದರು. ವರ್ತಕರು, ಕಸುಬಿನ ಸಂಘದವರು ಈ ಜಮಖಾನಗಳನ್ನು ದೇವರಿಗೆಂದು ಒಪ್ಪಿಸಿದರು. ಒಂದರ ಮುಂದೆ ನಿಂತು ನೋಡಿದೆ: ಇಟ್ಟಿಗೆಗೆಂಪು ನೆಲ, ಅಂಚಿನಲ್ಲಿ ಹಳದಿ ಹೂಬಳ್ಳಿ, ನಡುವೆ ಮೇಲಕ್ಕೆ ಚೂಪಾದ ಕಮಾನು. ಮಸೀದಿಯ ಗೋಡೆಯಲ್ಲಿ ಮೆಕ್ಕಾದ ದಿಕ್ಕು ತೋರುವ ಕಮಾನು ಅದೇ. ನಮಾಜಿನ ಚಾಪೆಯ ಮಾದರಿಯಲ್ಲಿ ಅನತೋಲಿಯಾದ ಮುಸ್ಲಿಂ ನೇಕಾರರು ನೇಯ್ದದ್ದನ್ನು ಲೂಥರನ ಅನುಯಾಯಿಗಳು ತಮ್ಮ ಚರ್ಚಿನಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆ ದಿನ ನೋಡಿದ್ದರಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಇದು.

ಪ್ರವಾಸದ ಪಟ್ಟಿ ಅಲ್ಲಿಗೆ ಮುಗಿದಿತ್ತು. ನಮ್ಮ ಡ್ರೈವರ್ ಮಾತ್ರ, "ನೀವು ನೋಡಿದ್ದು ಒಳಗಿನ ಊರು. ನನ್ನ ಅಜ್ಜಿಯ ಊರು ಹೊರಗಿದೆ, ಬನ್ನಿ" ಎಂದು 1559ರ ಕ್ಯಾಥರೀನ್ ಬಾಗಿಲ ಕಡೆಗೆ ಕರೆದೊಯ್ದ. ಆಗ ಬ್ರಾಶೋವಿನ ಕೋಟೆಗೋಡೆಯ ಒಳಗೆ ಮನೆ ಮಾಡಲು ರೊಮೇನಿಯನ್ನರಿಗೆ ಹಕ್ಕಿರಲಿಲ್ಲ. ಶ್ಕೇಯ್ ಎಂಬ ಹೊರಗೇರಿಯೇ ಗತಿ. ಬೆಳೆದದ್ದನ್ನು ಪೇಟೆಗೆ ತಂದು ಮಾರಲು ಈ ಬಾಗಿಲಲ್ಲೂ ಸುಂಕ. ಬ್ರಾನ್ ಕಟ್ಟಿದ ಜನರ ಶ್ರಮಕ್ಕೆ ಬೆಳಗಿನಿಂದ ತಲೆದೂಗುತ್ತ ಬಂದಿದ್ದೆ. ಅವರೇ ನೆರೆಯವರಿಗೂ ಬಾಗಿಲು ಹಾಕಿ ಹಣ ಕೇಳಿದರೆಂಬುದನ್ನು ಸುಲಭವಾಗಿ ನುಂಗಿಕೊಳ್ಳಲಾಗಲಿಲ್ಲ.

ಆ ಹೊರಗೇರಿಯಲ್ಲಿ, ಸಂತ ನಿಕೊಲಾಸನ ಚರ್ಚಿನ ಅಂಗಳದಲ್ಲಿ, ಮೊದಲ ರೊಮೇನಿಯನ್ ಶಾಲೆಯೆಂದು ಹೆಸರಾದ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ. ಕೊರೆಸಿ ಎಂಬ ಧರ್ಮಸೇವಕ 1560ರ ಆಸುಪಾಸಿನಿಂದ ಬ್ರಾಶೋವಿನಲ್ಲಿ ರೊಮೇನಿಯನ್ ಭಾಷೆಯ ಮೊದಮೊದಲ ಪುಸ್ತಕಗಳನ್ನು ಅಚ್ಚುಹಾಕಿದ. ಅವನ ಪುಸ್ತಕಗಳು ಇಲ್ಲಿವೆ, ಸಿರಿಲಿಕ್ ಲಿಪಿಯಲ್ಲಿ. ಆ ಅಚ್ಚಿನ ಕೆಲಸಕ್ಕೆ ಬೆಂಬಲ ಕೊಟ್ಟವನು ಹ್ಯಾನ್ಸ್ ಬೆಂಕ್ನರ್, ಗೋಡೆಯ ಒಳಗಿನ ಸ್ಯಾಕ್ಸನ್ ನಗರಾಧಿಕಾರಿ. ತನ್ನ ಹೊಸ ಮತವನ್ನು ಹೊರಗಿನವರ ಮಾತಿನಲ್ಲಿ ಹರಡಬೇಕೆಂಬುದು ಅವನ ಉದ್ದೇಶ. ಮತ ಹೆಚ್ಚೇನೂ ಹರಡಲಿಲ್ಲ, ಅಚ್ಚಾದ ರೊಮೇನಿಯನ್ ಭಾಷೆ ಉಳಿಯಿತು.