ಮಣ್ಣು ಹುಡುಕುವ ಮಿಡತೆ

ಮಿಡತೆಯನ್ನು ಹತ್ತಿರದಿಂದ ನೋಡಬೇಕೆಂದರೆ ಬಿಸಿಲೇರುವ ಮೊದಲೇ ಹೋಗಬೇಕು. ಚಿತ್ತೆ ಮಳೆ ಹಿಂದಾಗಿ ದೀಪಾವಳಿ ಹತ್ತಿರವಾಗುವ ದಿನಗಳಲ್ಲಿ ಬೆಂಗಳೂರಿನ ನಾಯಂಡಹಳ್ಳಿಯ ಬೆಳಗಿಗೂ ಒಂದಿಷ್ಟು ಥಂಡಿ ಬರುತ್ತದೆ. ಮೈಸೂರು ರಸ್ತೆಯ ಸದ್ದು ಆಗಲೇ ಶುರುವಾಗಿರುತ್ತದೆ, ಗಾಳಿ ತಿರುಗಿದರೆ ವೃಷಭಾವತಿ ನದಿಯ ವಾಸನೆಯೂ ಬರುತ್ತದೆ. ಆದರೆ ಮನೆಯ ಹಿಂದಿನ ಕೈತೋಟದಲ್ಲಿ ದಂಟಿನ ಎಲೆಯ ಮೇಲಿನ ಇಬ್ಬನಿ ಇನ್ನೂ ಆರಿರುವುದಿಲ್ಲ. ಆ ಹೊತ್ತಿನಲ್ಲಿ ಮಿಡತೆಗೆ ಹಾರುವ ಕಸುವಿಲ್ಲ. ಮೈಗೆ ಬೇಕಾದ ಬಿಸಿಯನ್ನು ಅದು ಸೂರ್ಯನಿಂದಲೇ ಪಡೆಯಬೇಕು. ಮೊದಲ ಬಿಸಿಲು ತಾಕುತ್ತಲೇ ಮೆಲ್ಲಗೆ ತಿರುಗಿ, ಮುಖವನ್ನಲ್ಲ, ಪಕ್ಕೆಯನ್ನು ಬಿಸಿಲಿಗೆ ಒಡ್ಡಿ ಕೂರುತ್ತದೆ. ಹಾಗೆ ಕೂತರೆ ಮೈಯ ಹೆಚ್ಚು ಭಾಗ ಕಾಯುತ್ತದೆ.

ಹೊತ್ತೇರಿದ ಮೇಲೆ ಅದೇ ಮಿಡತೆ ಬೇರೆಯೇ ಪ್ರಾಣಿ. ನಾನು ಎಡಕ್ಕೆ ಬಾಗಿದರೆ ಅದು ಕಡ್ಡಿಯ ಆಚೆ ಮಗ್ಗುಲಿಗೆ ಜಾರುತ್ತದೆ. ನಾನು ಬಲಕ್ಕೆ ಬಂದರೆ ಮತ್ತೆ ಈಚೆಗೆ. ಕಡ್ಡಿಯನ್ನು ತಬ್ಬಿದ ಕಾಲುಗಳ ತುದಿಗಳಷ್ಟೇ ಕಾಣುತ್ತವೆ. ಜಿಗಿಯುವುದು ಅದರ ಕೊನೆಯ ಉಪಾಯ. ಜಿಗಿದರೆ ಬೇಲಿಯಲ್ಲಿ ಹೊಂಚು ಹಾಕುವ ಕೆಂಬೂತದ ಕಣ್ಣಿಗೂ ಬೀಳುತ್ತದೆ.

ನಮ್ಮ ದಂಟಿನ ಮಡಿಯಲ್ಲಿ ಇರುವುದು ಹೆಚ್ಚಾಗಿ ಚೂಪು ತಲೆಯ ಹಸಿರು ಮಿಡತೆ. ಎಲೆಯ ಮೇಲೆ ಕೂತರೆ ಎಲೆಯದೇ ಒಂದು ಮಡಿಕೆಯಂತೆ ಕಾಣುತ್ತದೆ. ಗಂಡು ಚಿಕ್ಕದು, ಹೆಣ್ಣು ದೊಡ್ಡದು. ಈ ಕಾಲದಲ್ಲಿ ಗಂಡು ಹೆಣ್ಣಿನ ಬೆನ್ನೇರಿದರೆ ಬೇಗ ಇಳಿಯುವುದಿಲ್ಲ. ಅವಳು ಮೇಯುತ್ತಾಳೆ, ನಡೆಯುತ್ತಾಳೆ, ಜಿಗಿಯುತ್ತಾಳೆ. ಅವನು ಮೇಲೆಯೇ ಇರುತ್ತಾನೆ. ಬೇರೆ ಗಂಡು ಹತ್ತಿರ ಸುಳಿಯದಂತೆ ಕಾಯುವ ರೀತಿ ಅದು. ಗರಿಕೆಯಲ್ಲಿರುವ ಕಂದು ಮಿಡತೆಗಳು ಹಿಂಗಾಲಿನ ತೊಡೆಯನ್ನು ರೆಕ್ಕೆಗೆ ಉಜ್ಜಿ ಸಣ್ಣಗೆ ಕಿರುಗುಟ್ಟುತ್ತವೆ. ಆ ಸದ್ದನ್ನು ಕೇಳುವ ಕಿವಿ ಹೊಟ್ಟೆಯ ಬುಡದಲ್ಲಿ, ರೆಕ್ಕೆಯ ಮರೆಯಲ್ಲಿದೆ.

"ಸೊಪ್ಪನ್ನೆಲ್ಲ ತೂತು ಮಾಡ್ಬಿಟ್ಟವಲ್ಲಪ್ಪ, ಒಂದಿಷ್ಟು ಬೂದಿನಾದ್ರೂ ಉದುರ್ಸಬಾರ್ದಾ?" ಎನ್ನುತ್ತಾರೆ ಪಕ್ಕದ ಮನೆಯ ಅಜ್ಜಿ. ಇಲ್ಲಿ ಹೊಲಗಳಿದ್ದ ಕಾಲವನ್ನು ಕಂಡವರು ಅವರು. ಬೆಳೆ ಕಳೆದುಕೊಳ್ಳುವುದೆಂದರೇನು ಎಂದು ಬಲ್ಲವರು. ಅವರ ಮಾತನ್ನು ನಾನು ಹಗುರವಾಗಿ ತಳ್ಳಲಾರೆ. ಹಾಗಾಗಿ ಒಂದು ಮಡಿ ದಂಟನ್ನು ಹೆಚ್ಚಿಗೆ ಹಾಕುತ್ತೇನೆ.

ಆದರೆ ಈ ಕಾಲದ ನಿಜವಾದ ಕೆಲಸ ನಡೆಯುವುದು ಸೊಪ್ಪಿನಲ್ಲಲ್ಲ, ನೆಲದಲ್ಲಿ. ಬಸುರಿ ಮಿಡತೆ ಮೇವು ಬಿಟ್ಟು ಕೆಳಗಿಳಿಯುತ್ತದೆ. ಹೊಟ್ಟೆಯ ತುದಿಯಿಂದ ಮಣ್ಣನ್ನು ಮುಟ್ಟಿ ನೋಡುತ್ತದೆ. ಕಲ್ಲು ತಾಕಿದರೆ ಮುಂದಕ್ಕೆ, ತೀರಾ ಕೆಸರಾದರೆ ಇನ್ನೂ ಮುಂದಕ್ಕೆ. ಹದವಾದ ಜಾಗ ಸಿಕ್ಕಿದಾಗ ತುದಿಯ ಗಟ್ಟಿ ಅಲಗುಗಳಿಂದ ಮಣ್ಣನ್ನು ಬಿಡಿಸುತ್ತಾ ಹೊಟ್ಟೆಯನ್ನು ಒಳಕ್ಕೆ ಇಳಿಸುತ್ತದೆ. ಹೊಟ್ಟೆಯ ಉಂಗುರಗಳ ನಡುವಿನ ಪೊರೆ ಹಿಗ್ಗಿ, ಆ ಪುಟ್ಟ ಮೈ ನಂಬಲಾಗದಷ್ಟು ಉದ್ದವಾಗುತ್ತದೆ. ಒಳಗೆ ಮೊಟ್ಟೆಗಳನ್ನಿಟ್ಟು, ಸುತ್ತ ನೊರೆ ತುಂಬುತ್ತದೆ. ನೊರೆ ಒಣಗಿ ಗೂಡಾಗುತ್ತದೆ, ತೇವವನ್ನು ಕಾಯುತ್ತದೆ. ಕೊನೆಗೆ ಹಿಂಗಾಲಿನಿಂದ ಮಣ್ಣು ಕೆದರಿ ಜಾಗ ಮುಚ್ಚುತ್ತದೆ. ಇಷ್ಟು ಹೊತ್ತೂ ಅದಕ್ಕೆ ಜಿಗಿಯಲು ಆಗುವುದಿಲ್ಲ. ಇರುವೆ ಬಂದರೂ, ಕೆಂಬೂತ ಬಂದರೂ ನೆಲಕ್ಕೆ ಊರಿಕೊಂಡೇ ಇರಬೇಕು. ನನ್ನ ನೆರಳೂ ಬೀಳದಿರಲೆಂದು ಆಗ ನಾನು ಹಿಂದೆ ಸರಿಯುತ್ತೇನೆ.

ಈ ನೆಲದೊಳಗಿನ ಗೂಡುಗಳನ್ನು ನಮ್ಮ ನಾಡಿನಲ್ಲಿ ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರಲ್ಲಿ ಲೆಸ್ಲಿ ಕೋಲ್ಮನ್ ಮೊದಲಿಗರು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು. ಜೋಳದ ಬೆಳೆಯನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಒಂದು ಮಿಡತೆಗೆ ಸ್ಪೇನಿನ ಕೀಟತಜ್ಞ ಬೊಲಿವಾರ್ 1910ರಲ್ಲಿ ಅವರ ಹೆಸರನ್ನೇ ಇಟ್ಟು ಕೋಲ್ಮಾನಿಯಾ ಎಂದು ಕರೆದರು. ಅದು ಮಳೆಗಾಲ ಮುಗಿಯುವಾಗ ಮೊಟ್ಟೆಯಿಟ್ಟು ಸಾಯುತ್ತದೆ. ಮೊಟ್ಟೆಗಳು ಚಳಿ, ಬೇಸಿಗೆಗಳನ್ನು ಮಣ್ಣಿನಲ್ಲೇ ಕಳೆದು ಮುಂಗಾರಿಗೆ ಒಡೆಯುತ್ತವೆ. ಕೊಯ್ಲಾದ ಮೇಲೆ ಆಳವಾಗಿ ಉತ್ತು ಗೂಡುಗಳನ್ನು ಬಿಸಿಲಿಗೆ ಹಾಕಿ ಎಂಬ ಮಾತನ್ನು ಇಂದಿಗೂ ರೈತರಿಗೆ ಹೇಳುತ್ತಾರೆ. ಮಿಡತೆಯ ಬಲ, ದೌರ್ಬಲ್ಯ ಎರಡೂ ಮಣ್ಣಿನಲ್ಲೇ ಇವೆ.

ಎಲ್ಲ ಮಿಡತೆಯೂ ಪಿಡುಗಲ್ಲ. 2020ರ ಮೇ ತಿಂಗಳಲ್ಲಿ ಮರುಭೂಮಿಯ ಮಿಡತೆಗಳ ದಂಡು ರಾಜಸ್ಥಾನದಿಂದ ವಿದರ್ಭದವರೆಗೂ ಬಂದಾಗ ಕೋಲಾರ ಜಿಲ್ಲೆಯಲ್ಲೂ ಗಾಬರಿಯಾಯಿತು. ಹೋಗಿ ನೋಡಿದರೆ ಅಲ್ಲಿದ್ದವು ಎಕ್ಕದ ಗಿಡದ ಮಿಡತೆಗಳು. ಹಳದಿ ಮೈಗೆ ನೀಲಿ-ಹಸಿರು ಪಟ್ಟೆಯ ಈ ಚೆಲುವ ಎಕ್ಕದ ವಿಷವನ್ನೇ ಉಂಡು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಿಡಿದರೆ ಮರಿಗಳು ಆ ವಿಷವನ್ನು ಚಿಮ್ಮಿಸುತ್ತವೆ. ಇಂಥ ಮಿಡತೆಗೆ ಅಡಗುವ ಅಗತ್ಯವೇ ಇಲ್ಲ.

ಕೆಂಗೇರಿಯ ಕಡೆಗೆ ಮೆಟ್ರೊ ಓಡತೊಡಗಿದ್ದು 2021ರ ಆಗಸ್ಟ್‌ನಲ್ಲಿ. ಅದರ ಬೆನ್ನಿಗೆ ಕಟ್ಟಡಗಳೂ ಎದ್ದು ಈಗ ನಮ್ಮ ಸುತ್ತ ಖಾಲಿ ಸೈಟು ಕಡಿಮೆ, ಇರುವ ಅಂಗಳಕ್ಕೂ ಕಾಂಕ್ರೀಟು. ಕಾಂಕ್ರೀಟಿನ ಮೇಲೆ ಮಿಡತೆ ಒಂದು ದಿನ ಕೂರಬಹುದು, ಸಂತಾನ ಉಳಿಸಲಾರದು. ಕಾಂಪೌಂಡಿನ ಆಚೆಯಿಂದ ಜಿಗಿದು ಬಂದು ನಮ್ಮ ಮಡಿಯಲ್ಲಿ ಹೊಟ್ಟೆಯೂರುವ ಹೆಣ್ಣುಗಳು ಈಚೆಗೆ ಹೆಚ್ಚಾಗಿವೆ ಎಂದೇ ನನಗೆ ಕಾಣುತ್ತದೆ.

ಹಿತ್ತಲಿಗೆ ಟೈಲ್ಸ್ ಹಾಕಲು ಅಳತೆಗೆ ಬಂದ ಮೇಸ್ತ್ರಿಗೆ ನೀರಿನ ತೊಟ್ಟಿಯ ತನಕ ಸಾಕು ಎಂದೆ. "ಮಳೆ ಬಂದ್ರೆ ಆ ಕಡೆ ಕೆಸರಾಗುತ್ತೆ ಸಾರ್" ಎಂದರು. "ಆಗ್ಲಿ ಮೇಸ್ತ್ರಿ, ಅದು ಮಣ್ಣಾಗೇ ಇರ್ಲಿ" ಎಂದೆ. ಅವರು ಟೇಪನ್ನು ತೊಟ್ಟಿಯ ಅಂಚಿಗೆ ಹಿಡಿದು ಅಳತೆ ಬರೆದುಕೊಂಡರು.