ಯಂತ್ರದ ಸಾಕ್ಷಿ

ಮನುಷ್ಯನ ಮಾತಿಗಿಂತ ಯಂತ್ರದ ಮಾತಿಗೆ ಬೆಲೆ ಹೆಚ್ಚಾಗಿರುವ ಕಾಲವಿದು. ತಕ್ಕಡಿ, ಗಡಿಯಾರ, ಗಣಕಯಂತ್ರ ಇವು ಸುಳ್ಳಾಡುವುದಿಲ್ಲವೆಂದು ನಮ್ಮೆಲ್ಲರ ನಂಬಿಕೆ. ನಂಬುವುದು ತಪ್ಪಲ್ಲ, ಆದರೆ ಯಂತ್ರ ಆಡಿದ ಮಾತೇ ಬೇರೆ, ನಾವು ತಿಳಿದುಕೊಂಡ ಅರ್ಥವೇ ಬೇರೆ ಆಗಬಹುದೆಂಬುದನ್ನು ಕಾಲೇಜಿನ ಪುಸ್ತಕ ಭಂಡಾರದಲ್ಲಿ ಕಣ್ಣಾರೆ ಕಂಡೆ.

ಈಗ ಪ್ರತಿಯೊಂದು ಪುಸ್ತಕಕ್ಕೂ ಕಪ್ಪು ಗೀಟುಗಳ ಚೀಟಿ ಅಂಟಿಸಿರುತ್ತಾರಷ್ಟೆ. ಬಾರ್‌ಕೋಡ್ ಎಂದು ಅದರ ಹೆಸರು. ಅಮೆರಿಕದ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಎಂಬಿಬ್ಬರು ಇದಕ್ಕಾಗಿ 1949ರಲ್ಲಿ ಪೇಟೆಂಟ್ ಕೋರಿದರು. 1974ರ ಜೂನ್ 26ರಂದು ಒಹಾಯೊ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದು ಇಂಥ ಗೀಟುಗಳ ಬಲದಿಂದ ಮಾರಾಟವಾಯಿತು. ಅಲ್ಲಿ ಪೊಟ್ಟಣದ ಬೆಲೆ ಹೇಳಿದ ಗೀಟುಗಳು ಇಲ್ಲಿ ನನ್ನ ಮಿತ್ರನ ಮಾನಕ್ಕೇ ಬೆಲೆ ಕಟ್ಟಲು ಹೊರಟವು!

ಮಿತ್ರನು ಹಳ್ಳಿಯಿಂದ ಬಂದವನು. ಪರೀಕ್ಷೆಗೆ ಮುಂಚೆ ಬಾಕಿಯಿಲ್ಲವೆಂಬ ಪತ್ರಕ್ಕಾಗಿ ಹೋದಾಗ, "ಒಂದು ಪುಸ್ತಕ ನಿನ್ನ ಹೆಸರಿನಲ್ಲಿಯೇ ಇದೆಯಲ್ಲಪ್ಪ" ಎಂದರು ಗುಮಾಸ್ತರು.

"ಹೋದ ತಿಂಗಳೇ ಕೊಟ್ಟಿದ್ದೇನೆ, ಸಾರ್."

"ಹಾಗಾದರೆ ಕಂಪ್ಯೂಟರ್ ಸುಳ್ಳು ಹೇಳುತ್ತದೆಯೆ?"

ಪುಸ್ತಕದ ಬೆಲೆ ಅವನ ತಂದೆಯ ಒಂದು ವಾರದ ಕೂಲಿ. ಹುಡುಕಿದರೆ ಪುಸ್ತಕ ಬೀರುವಿನಲ್ಲಿಯೇ ಇತ್ತು. ಆದರೂ ಅನುಮಾನ ತೀರಲಿಲ್ಲ. "ಈಗ ತಂದಿಟ್ಟಿರಬೇಕು" ಎಂದಾಯಿತು. ಮಿತ್ರನ ಮುಖ ಸಣ್ಣಗಾಯಿತು.

ಗ್ರಂಥಪಾಲಕರು ಸಮಾಧಾನಿಗಳು. ಅವರ ಅಪ್ಪಣೆ ಪಡೆದು, ಅದೇ ಚೀಟಿಯನ್ನು ಭಂಡಾರದ ಎರಡು ಗಣಕಗಳಲ್ಲಿಯೂ ಬರಿಯ ನೋಟ್‌ಪ್ಯಾಡಿನಲ್ಲಿ ಓದಿಸಿ ನೋಡಿದೆವು. ಕಿಟಕಿಯ ಬಳಿಯದರಲ್ಲಿ ಇಂಗ್ಲಿಷಿನ ದೊಡ್ಡ 'ಕೆ' ಅಕ್ಷರವೂ ಅಂಕಿಗಳೂ ಸರಿಯಾಗಿ ಮೂಡಿದವು. ಬಾಗಿಲ ಬಳಿಯದರಲ್ಲಿ 'ಕೆ' ಇರಬೇಕಾದೆಡೆ ನಮ್ಮ 'ಖ' ಮಹಾಪ್ರಾಣ ವಿರಾಜಮಾನವಾಗಿತ್ತು! ಸ್ಕ್ಯಾನರುಗಳನ್ನು ಅದಲುಬದಲು ಮಾಡಿದೆವು. ದೋಷ ಸ್ಕ್ಯಾನರಿನ ಜೊತೆಯಲ್ಲಿ ಹೋಗಲಿಲ್ಲ; ಬಾಗಿಲ ಬಳಿಯೇ ಉಳಿಯಿತು.

ಕಾರಣ ಸರಳ. ಇಂಥ ಸ್ಕ್ಯಾನರು ಗಣಕದ ಮುಂದೆ ತಾನೊಂದು ಕೀಲಿಮಣೆಯೆಂದು ನಟಿಸುತ್ತದೆ. ಅದು ಕಳುಹಿಸುವುದು ಅಕ್ಷರವನ್ನಲ್ಲ, ಯಾವ ಗುಂಡಿ ಒತ್ತಿತೆಂಬ ಸುದ್ದಿಯನ್ನು. ಆ ಗುಂಡಿಗೆ ಅಕ್ಷರ ಕೊಡುವುದು ಗಣಕದ ಕೆಲಸ. ಬಾಗಿಲ ಬಳಿಯ ಗಣಕದಲ್ಲಿ ಯಾರೋ ಕನ್ನಡದ ಸುತ್ತೋಲೆಯನ್ನು ಬೆರಳಚ್ಚು ಮಾಡಿ, ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸವನ್ನು ಹಾಗೆಯೇ ಬಿಟ್ಟಿದ್ದರು. ಅದರಲ್ಲಿ ಶಿಫ್ಟ್ ಸಹಿತ 'ಕೆ' ಗುಂಡಿ ಒತ್ತಿದರೆ 'ಖ'. ಕ್ಯಾಪ್ಸ್ ಲಾಕ್ ಬಿದ್ದಿದ್ದರೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕದಾಗುವುದೂ ಹೀಗೆಯೇ. ಸಂಖ್ಯೆಗಳು ಒಂದಕ್ಕೊಂದು ಅಂಟಿಕೊಂಡು ಬಂದರೆ ಮಾತ್ರ ಸ್ಕ್ಯಾನರನ್ನೇ ನೋಡಬೇಕು. ಕೊನೆಯಲ್ಲಿ ಎಂಟರ್ ಒತ್ತುವ ಏರ್ಪಾಡು ಅದರಲ್ಲಿ ತಪ್ಪಿರುತ್ತದೆ.

"ಇಂಥ ಸಂಖ್ಯೆಯ ಪುಸ್ತಕವಿಲ್ಲ" ಎಂದು ಗಣಕ ಅಂದೇ ಹೇಳಿದ್ದಿರಬೇಕು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಅದನ್ನು ಓದುವ ವ್ಯವಧಾನ ಯಾರಿಗಿತ್ತು?

ಮಿತ್ರನಿಗೆ ಪತ್ರ ದೊರೆಯಿತು. ಈಗ ದಿನವೂ ಬಾಗಿಲು ತೆರೆದೊಡನೆ ಒಂದೇ ಚೀಟಿಯನ್ನು ಎರಡೂ ಗಣಕಗಳಲ್ಲಿ ಓದಿಸಿ ನೋಡುವ ಪದ್ಧತಿಯಿದೆ. ಎರಡು ಗಣಕಗಳು ಬೇರೆ ಬೇರೆ ಮಾತಾಡಿದರೆ ಗುಂಡಿಗಳನ್ನು ಪರೀಕ್ಷಿಸುತ್ತೇವೆ. ಗಣಕವೂ ಬಡ ಹುಡುಗನೂ ಬೇರೆ ಬೇರೆ ಮಾತಾಡಿದಾಗಲೂ ಅಷ್ಟೇ ತಾಳ್ಮೆ ತೋರಿದರೆ ನಮಗೇನು ನಷ್ಟ?