ಸಮ-ಬೆಸಗಳ ಬೀದಿ

ಮೆಂಡೋಟಾ, ಮೊನೋನಾ ಸರೋವರಗಳ ನಡುವಣ ಕಿರಿದಾದ ಭೂಸಂಧಿಯನ್ನು ಹಬ್ಬಿ ನಿಂತ ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಹಿಂದೆ ಬಾಡಿಗೆಮನೆಯನ್ನು ಅರಸುತ್ತಿದ್ದ ವಿದ್ಯಾರ್ಥಿಯು, ಕೊಠಡಿಯ ವಿಸ್ತಾರವನ್ನು ವಿಚಾರಿಸುವ ಮುನ್ನ ಕಾರು ನಿಲ್ಲಿಸುವುದೆಲ್ಲಿ ಎಂಬುದನ್ನು ವಿಚಾರಿಸಬೇಕಾಗಿತ್ತು. ಏಕೆಂದರೆ ನವೆಂಬರ್ 15ರಿಂದ ಮಾರ್ಚ್ 15ರವರೆಗೆ, ನಗರಮಧ್ಯವನ್ನುಳಿದು ಮಿಕ್ಕೆಡೆಯಲ್ಲೆಲ್ಲ, ಹಿಮ ಬೀಳಲಿ ಬಿಡಲಿ, ರಾತ್ರಿ 1ರಿಂದ ಬೆಳಗಿನ 7ರ ತನಕ, ಸಮ ತಾರೀಖಿನಂದು ಸಮಸಂಖ್ಯೆಯ ಮನೆಗಳ ಮಗ್ಗುಲಲ್ಲಿಯೂ ಬೆಸ ತಾರೀಖಿನಂದು ಬೆಸಸಂಖ್ಯೆಯ ಮನೆಗಳ ಮಗ್ಗುಲಲ್ಲಿಯೂ ಮಾತ್ರವೇ ವಾಹನವನ್ನು ನಿಲ್ಲಿಸಿ, ಎದುರು ಮಗ್ಗುಲನ್ನು ಹಿಮ ತಳ್ಳುವ ಲಾರಿಗೆ ಬಿಟ್ಟುಕೊಡಬೇಕೆಂಬುದು ಅಲ್ಲಿಯ ಕಟ್ಟಳೆಯಾಗಿತ್ತು. ಲೆಕ್ಕಕ್ಕೆ ಹಿಡಿಯಬೇಕಾಗಿದ್ದುದು ಮಲಗುವ ಹೊತ್ತಿನ ತಾರೀಖನ್ನಲ್ಲ, ಮರುಬೆಳಗಿನದನ್ನು. ಹೊಸಬರು ದಂಡ ತೆರುತ್ತಿದ್ದುದು ಇಲ್ಲಿಯೇ. ಜನವರಿ 31 ಕಳೆದು ಫೆಬ್ರವರಿ 1 ಬಂದಾಗ, ಎರಡೂ ಬೆಸವಾದುದರಿಂದ, ಕಾರಿಗೂ ಅದರ ಯಜಮಾನನಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತಿತ್ತು.